ಕುಣಿತದ ಹಿಂದಣ ಬೆಳಕು

ಹಾಡನ್ನು ಕಿವಿಯಿಂದ ಕೇಳಿದರೆ ಸಾಲದು, ಕಣ್ಣಿನಿಂದಲೂ ಕಾಣಬೇಕೆಂದು ಮನುಷ್ಯನು ಬಯಸಿದುದು ಇಂದು ನಿನ್ನೆಯ ಮಾತಲ್ಲ. ನಮ್ಮ ನಾಡಿನ ತೊಗಲುಬೊಂಬೆಯವರು ಹದಗೊಳಿಸಿದ ಚರ್ಮದ ಮೇಲೆ ರಾಮರಾವಣರನ್ನು ಬಣ್ಣದಲ್ಲಿ ಬರೆದು, ಬಿಳಿಯ ಪರದೆಯ ಹಿಂದೆ ದೀಪವಿರಿಸಿ, ಹಾಡಿನ ಗತಿಗೆ ತಕ್ಕಂತೆ ಆ ಬೊಂಬೆಗಳನ್ನು ಆಡಿಸುತ್ತ ಬಂದವರು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಎಂಬ ರಂಗಮಂದಿರದಲ್ಲಿ ಜೋಶುವಾ ವೈಟ್ ಎಂಬಾತನೂ ಅವನ ಸಂಗಡಿಗರೂ ಗಾಜಿನ ತಟ್ಟೆಗಳಲ್ಲಿ ಬಣ್ಣದ ಎಣ್ಣೆಯನ್ನೂ ನೀರನ್ನೂ ಕದಡಿ, ಅದರ ಬಿಂಬವನ್ನು ಗಾಯಕರ ಹಿಂದಿನ ತೆರೆಯ ಮೇಲೆ ಬೀಳಿಸುತ್ತಿದ್ದರು. ಅಷ್ಟು ದೂರವೇಕೆ? ನಮ್ಮ ಮಡಿಕೇರಿಯ ದಸರೆಯಲ್ಲಿ ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಹೊರಟು, ಚಲಿಸುವ ಮೂರ್ತಿಗಳಿಂದಲೂ ದೀಪ, ಧೂಮ, ನಾದಗಳಿಂದಲೂ ಒಂದೊಂದು ಪುರಾಣಕಥೆಯನ್ನು ಹೇಳುತ್ತ ಬೆಳಗಿನ ಜಾವದವರೆಗೆ ಬೀದಿಯಲ್ಲಿ ಸಾಗುವುವು.

ಈಗ ಅದೇ ಬಯಕೆಯು ಚಿಕ್ಕ ರೂಪವನ್ನು ತಾಳಿ ಕೊಡಗಿನ ಮನೆಯಂಗಳಕ್ಕೂ ಬಂದಿದೆ. ಮದುವೆಯ ಸಭಾಂಗಣವಾಗಲಿ, ಹೋಂಸ್ಟೇಯ ಹುಲ್ಲುಹಾಸಾಗಲಿ, ಕಾಫಿ ಒಣಗಿಸುವ ಕಣವಾಗಲಿ, ಐವತ್ತು ಅರುವತ್ತು ಮಂದಿ ಸೇರಿದರೆಂದರೆ ಡಿಜೆ ಎಂಬಾತನೊಬ್ಬನು ಬರುವನು. ವಾಲಗಕ್ಕೆ ಕುಣಿದು ದಣಿಯದ ಕಾಲುಗಳು ಅವನ ಹಾಡಿಗೂ ಕುಣಿಯುವುವು. ಹಾಡಿಗೆ ಹಾಡನ್ನು ಸಂಧಿಯು ತಿಳಿಯದಂತೆ ಹೊಸೆಯುವುದು ಅವನ ವಿದ್ಯೆ. ಅವನ ಬೆನ್ನ ಹಿಂದಿನ ತೆರೆಯ ಮೇಲೆ ತಾಳಕ್ಕೆ ಸರಿಯಾಗಿ ಚಿತ್ರಗಳನ್ನು ಬದಲಿಸುತ್ತಿರುವುದು ಇನ್ನೊಂದು ವಿದ್ಯೆ. ಅದನ್ನು ಬಲ್ಲವನಿಗೆ ವಿಜೆ ಎಂದು ಹೆಸರು. ಸಣ್ಣ ಕೂಟಗಳಲ್ಲಿ ಇಬ್ಬರಿಗೆ ಸಂಭಾವನೆ ಕೊಡುವವರಿಲ್ಲವಾದುದರಿಂದ ಎರಡು ಕೆಲಸವನ್ನೂ ಒಬ್ಬನೇ ಮಾಡಬೇಕಾಗುವುದು.

ನನ್ನ ತಂಗಿಯ ಮಗನು ಎರಡು ವರ್ಷದಿಂದ ಈ ವೃತ್ತಿಯನ್ನು ಹಿಡಿದಿರುವನು. ಕರಿಮೆಣಸು ಮಾರಿದ ಹಣವು ಮನೆಗೆ ಬಂದೊಡನೆ, ಚಿತ್ರ ಆಡಿಸುವ ಒಂದು ಸಾಫ್ಟ್‌ವೇರನ್ನು ಕೊಳ್ಳಬೇಕೆಂದು ಹಟ ಹಿಡಿದನು. ಅದೇ ಹಣದಿಂದ ಮಳೆಗಾಲಕ್ಕೆ ಮೊದಲು ಅಡಿಗೆಮನೆಗೆ ಹೊಸ ಹೆಂಚು ಹೊದಿಸಬೇಕೆಂದು ತಂಗಿಯು ಎಣಿಸಿದ್ದಳು. ಕೊಡಗಿನ ಮಳೆಯನ್ನು ಬಲ್ಲವರಿಗೆ ಅವಳ ಅವಸರವನ್ನು ವಿವರಿಸಬೇಕಾದುದಿಲ್ಲ. “ಅಣ್ಣಾ, ನೀನೇ ಅವನಿಗೆ ನಾಲ್ಕು ಮಾತು ಹೇಳು” ಎಂದಳು. “ಮಾವ, ಇದು ಆಟದ ಸಾಮಾನಲ್ಲ. ರೈತನಿಗೆ ನೇಗಿಲು ಹೇಗೋ ನನಗೆ ಇದು ಹಾಗೆ” ಎಂದು ಅವನೆಂದನು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ನೇಗಿಲು ಬೇಕೆನ್ನುವವನನ್ನು ಗದರಿಸಿ ಫಲವೇನು? ಯಾವ ನೆಲಕ್ಕೆ ಯಾವ ನೇಗಿಲೆಂದು ನೋಡುವುದೇ ಸರಿಯೆಂದು ಭಾವಿಸಿ, ನಾಲ್ಕು ಸಂಜೆ ಅವನೊಡನೆ ಕುಳಿತು ವಿಚಾರಿಸಿದೆನು. ಇಂಥ ಮಕ್ಕಳಿರುವ ಬೇರೆ ಮನೆಗಳಿಗೂ ಅದು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿರುವೆನು.

ಅವನ ಮನಸ್ಸು ನೆಟ್ಟಿದ್ದುದು ಹಾಲೆಂಡಿನವರು ಮಾಡಿದ ‘ರೆಸೊಲ್ಯೂಮ್ ಅವೆನ್ಯೂ’ ಎಂಬುದರ ಮೇಲೆ. ಲೋಕದ ದೊಡ್ಡ ದೊಡ್ಡ ಕೂಟಗಳಲ್ಲಿ ಬಳಕೆಯಾಗುವ ವಸ್ತುವದು. ಪಗಡೆಯ ಹಾಸಿನಂತೆ ತೆರೆಯ ತುಂಬ ಮನೆಗಳು. ಒಂದೊಂದು ಮನೆಯಲ್ಲಿ ಚಲಿಸುವ ಚಿತ್ರದ ಒಂದೊಂದು ತುಣುಕು. ಮುಟ್ಟಿದ ತುಣುಕು ಆ ಕ್ಷಣವೇ ಆಡತೊಡಗುವುದು; ಒಂದರ ಮೇಲೊಂದನ್ನು ಪದರವಾಗಿಯೂ ಹೊದಿಸಬಹುದು. ಬೆರಳಿನಿಂದ ನಾಲ್ಕು ಸಲ ತಾಳ ತಟ್ಟಿ ತೋರಿಸಿದರೆ ಚಿತ್ರವು ಆ ಗತಿಯನ್ನು ಹಿಡಿದುಕೊಳ್ಳುವುದು. ಬೆಲೆ ಮಾತ್ರ ಕೆಲವು ನೂರು ಯೂರೋ. ಪರೀಕ್ಷಿಸಿ ನೋಡಲು ಬಿಟ್ಟಿಯಾಗಿ ದೊರೆಯುವ ಪ್ರತಿಯಲ್ಲಿ ಕಂಪೆನಿಯ ಮುದ್ರೆಯು ಚಿತ್ರದ ಮೇಲೆ ಬಂದುಬಂದು ಹೋಗುವುದರಿಂದ ಮನೆಯಲ್ಲಿ ಕಲಿಯಲು ಅದು ಸಾಕು, ಮದುವೆಗೆ ಸಲ್ಲದು.

ಉಳಿದವುಗಳನ್ನೂ ಒಂದೊಂದಾಗಿ ತೆಗೆದು ನೋಡಿದೆವು. ‘ವಿಡಿಎಮ್‌ಎಕ್ಸ್’, ‘ಮಾಡ್ಯುಲ್ 8’ ಎಂಬೆರಡು ಆಪಲ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯತಕ್ಕವು; ಅವನದು ವಿಂಡೋಸ್ ಯಂತ್ರ. ಕೆನಡಾದ ಟೊರಾಂಟೊ ನಗರದಿಂದ ಬರುವ ‘ಟಚ್‌ಡಿಸೈನರ್’ ಬಿಟ್ಟಿಯಾಗಿ ದೊರೆಯುವುದಾದರೂ, ಆ ಪ್ರತಿಯಿಂದ ಹಣ ಸಂಪಾದಿಸುವಂತಿಲ್ಲ. ಅಲ್ಲದೆ ಅದರಲ್ಲಿ ಪ್ರತಿಯೊಂದನ್ನೂ ಬುಡದಿಂದ ಕಟ್ಟಿಕೊಳ್ಳಬೇಕು. ಅಡಿಗೆ ಕಲಿಯಬಂದವನನ್ನು ಪಾತ್ರೆ ಬಡಿಯುವ ಕಂಚುಗಾರನ ಬಳಿಗೆ ಕಳುಹಿಸಿದಂತೆ. ಒಲಿವಿಯಾ ಜ್ಯಾಕ್ ಎಂಬಾಕೆಯು ರಚಿಸಿದ ‘ಹೈಡ್ರಾ’ ಉಚಿತವೂ ಹೌದು, ಮನೋಹರವೂ ಹೌದು; ಆದರೆ ಗಣಕದ ಭಾಷೆಯಲ್ಲಿ ಸಾಲುಸಾಲಾಗಿ ಬರೆಯುತ್ತ ಚಿತ್ರವನ್ನು ಹುಟ್ಟಿಸಬೇಕು. ಒಂದು ಕೈ ಹಾಡಿನ ಮೇಲಿರುವವನಿಗೆ ಅದೆಲ್ಲಿಯ ಬಿಡುವು? ‘ವರ್ಚುವಲ್ ಡಿಜೆ’ ಹಾಡಿನ ಜೊತೆಗೆ ಚಿತ್ರವನ್ನೂ ಬೆರೆಸಬಲ್ಲುದು. ಮನೆಯ ವಿನೋದಕ್ಕೆ ಅದು ಉಚಿತ, ವೃತ್ತಿಗೆ ಹಣ ತೆರಬೇಕು. 2001ರಲ್ಲಿ ರಯನ್ ಗೈಸ್ ಎಂಬಾತನು ‘ವಿನ್ಯಾಂಪ್’ ವಾದಕಕ್ಕಾಗಿ ಮಾಡಿದ ‘ಮಿಲ್ಕ್‌ಡ್ರಾಪ್’ ಎಂಬುದರ ವಂಶದಲ್ಲಿ ಬಂದ ‘ಪ್ರಾಜೆಕ್ಟ್‌ಎಂ’ ಹಾಡನ್ನು ತಾನೇ ಆಲಿಸಿ ತಾನೇ ಬಣ್ಣದ ಸುಳಿಗಳನ್ನು ಬರೆಯುವುದು. ಅದಕ್ಕೆ ಕೈಯೇ ಬೇಡ. ಆದರೆ ನಮ್ಮ ಕಥೆಯನ್ನು ಅದು ಹೇಳಲಾರದು.

ಕೊನೆಗೆ ಉಳಿದುದು ‘ಒಬಿಎಸ್ ಸ್ಟುಡಿಯೋ’. 2012ರಿಂದ ಬಳಕೆಯಲ್ಲಿರುವ ಇದು ಮೂಲತಃ ಕಂಪ್ಯೂಟರಿನಿಂದ ಚಲಚ್ಚಿತ್ರವನ್ನು ಪ್ರಸಾರಮಾಡುವವರಿಗಾಗಿ ಹುಟ್ಟಿದುದು. ಸಂಪೂರ್ಣ ಉಚಿತ, ಇದರಿಂದ ಸಂಪಾದಿಸಲು ಯಾವ ಅಡ್ಡಿಯೂ ಇಲ್ಲ. ಬೇಕಾದ ತುಣುಕುಗಳನ್ನು ‘ದೃಶ್ಯ’ಗಳಾಗಿ ಜೋಡಿಸಿ, ದೃಶ್ಯಕ್ಕೊಂದು ಕೀಲಿಯನ್ನು ಗೊತ್ತುಮಾಡಿಕೊಂಡರೆ, ಆ ಕೀಲಿಯನ್ನು ಒತ್ತಿದಾಗ ಆ ದೃಶ್ಯವು ಪ್ರೊಜೆಕ್ಟರಿನ ತೆರೆಯನ್ನು ತುಂಬುವುದು. ತಾಳವನ್ನು ತಾನಾಗಿ ಹಿಡಿಯುವ ಚಾತುರ್ಯ ಇದಕ್ಕಿಲ್ಲ. ಆದರೆ ‘ಪ್ರಾಜೆಕ್ಟ್‌ಎಂ’ನ ಕಿಟಕಿಯನ್ನೇ ಇದರಲ್ಲಿ ಒಂದು ದೃಶ್ಯವಾಗಿ ಸೇರಿಸಿಕೊಂಡರೆ ಆ ಕೊರತೆಯು ಬಹಳಮಟ್ಟಿಗೆ ತುಂಬುವುದು.

ಯಾವುದು ಸುಲಭವೆಂಬುದನ್ನು ಮಾತಿನಿಂದ ನಿರ್ಣಯಿಸುವುದು ಬೇಡವೆಂದು ನಾಲ್ಕನೆಯ ಸಂಜೆ ಒಂದು ಪರೀಕ್ಷೆಯನ್ನಿಟ್ಟೆನು. ಕೋಣೆಯ ದೀಪವನ್ನು ಆರಿಸಿ, ಹಾಡನ್ನು ಗಟ್ಟಿಯಾಗಿ ಹಾಕಿ, “ಒಂದು ಕೈಯಿಂದ ಹಾಡನ್ನು ನೋಡಿಕೊಳ್ಳುತ್ತ ನಾನು ಹೇಳಿದಂತೆ ಮಾಡು” ಎಂದೆನು. “ವಧೂವರರ ಹೆಸರು ತೋರಿಸು. ಮೊದಲಿನ ಚಿತ್ರಕ್ಕೆ ಮರಳು. ಹಿರಿಯರು ಮಾತಾಡಲು ಎದ್ದರು, ತೆರೆಯನ್ನು ಕಪ್ಪುಮಾಡು.” ಹೊಸದಾಗಿ ಕಲಿತ ‘ರೆಸೊಲ್ಯೂಮ್’ನಲ್ಲಿ ಅವನ ಕಣ್ಣು ಮನೆಯಿಂದ ಮನೆಗೆ ಅಲೆಯಿತು, ಹಾಡು ಕೈತಪ್ಪಿತು. ‘ಒಬಿಎಸ್’ನಲ್ಲಿ ಎಂಟೇ ಕೀಲಿಗಳು, ತಲೆಯೆತ್ತಿಕೊಂಡೇ ಒತ್ತಿದನು. “ಮಾವ, ಇದರಲ್ಲಿ ನಾನು ಜನರ ಮುಖವನ್ನು ನೋಡಬಹುದು” ಎಂದು ತಾನೇ ಹೇಳಿದನು. ನನ್ನ ಮಟ್ಟಿಗೆ ಎಲ್ಲ ವಿಚಾರದ ಸಾರವೂ ಆ ಮಾತಿನಲ್ಲಿದೆ. ಎಷ್ಟು ಚಮತ್ಕಾರಗಳನ್ನು ಮಾಡಬಲ್ಲುದೆಂಬುದು ಪಳಗಿದವರ ಪ್ರಶ್ನೆ. ಕಲಿಯುವವನು ಕೇಳಬೇಕಾದುದು, ಕತ್ತಲಲ್ಲಿ ಅದು ತನ್ನಿಂದ ಎಷ್ಟು ಕಡಮೆ ಗಮನವನ್ನು ಬೇಡುವುದೆಂಬುದನ್ನು. ಕುಣಿಯುವವರು ದಣಿದರೆ, ಮಗುವೊಂದು ಬೆದರಿದರೆ, ಮುದುಕರು ಕಣ್ಣು ಮುಚ್ಚಿಕೊಂಡರೆ, ಕಾಣತಕ್ಕವನು ಅವನೊಬ್ಬನೇ ಅಲ್ಲವೆ?

ಬೆದರುವ ಮಾತು ಬಂದುದರಿಂದ ತಾಯಂದಿರಿಗೆ ಒಂದು ಎಚ್ಚರಿಕೆಯನ್ನು ಹೇಳಬೇಕು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೋಕಿಮಾನ್’ ಎಂಬ ಮಕ್ಕಳ ಚಿತ್ರಕಥೆಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಬಡಬಡನೆ ಮಿನುಗಿದುದರಿಂದ 685 ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಮೂರ್ಛೆರೋಗದ ಪ್ರವೃತ್ತಿಯುಳ್ಳವರಿಗೆ ಇಂಥ ಮಿನುಗು ಅಪಾಯಕರ. ಆದುದರಿಂದ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚುಗಳು ಕೂಡದೆಂದು ತಜ್ಞರು ಮಿತಿಯನ್ನು ಹಾಕಿರುವರು. ನಿಮಿಷಕ್ಕೆ 128 ತಾಳವಿರುವ ಹಾಡಿನಲ್ಲಿ ತಾಳಕ್ಕೊಂದು ಮಿಂಚು ಹಾಕಿದರೆ ಸೆಕೆಂಡಿಗೆ ಎರಡಕ್ಕಿಂತ ತುಸು ಹೆಚ್ಚಾಯಿತು. ಅರೆತಾಳಕ್ಕೊಂದು ಹಾಕಿದರೆ ನಾಲ್ಕನ್ನು ಮೀರಿತು. ಸೋದರಳಿಯನು ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿರುವನು.

ಇನ್ನು ಚಿತ್ರಗಳ ವಿಷಯ. ಅಂತರ್ಜಾಲದಿಂದ ಇಳಿಸಿದ ಬಣ್ಣದ ಸುರಂಗಗಳು ಎಲ್ಲರ ಬಳಿಯಲ್ಲಿಯೂ ಒಂದೇ. ಪರರ ಕೃತಿಯನ್ನು ಕೇಳದೆ ಬಳಸಿದರೆ ಹಕ್ಕಿನ ತಕರಾರು ಬೇರೆ. ಮಾರ್ಚಿ ಏಪ್ರಿಲ್ ತಿಂಗಳ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿ ಹೂತಾಗ ಅವನು ತನ್ನ ಫೋನಿನಿಂದಲೇ ಕಾಫಿಯ ಹೂಗಳನ್ನು ತೆಗೆದನು. ತೋಡಿನ ನೀರನ್ನೂ, ಬೆಟ್ಟದ ಮಂಜನ್ನೂ, ಮೆಣಸು ಬಿಡಿಸುವ ಅಜ್ಜಿಯ ಕೈಗಳನ್ನೂ ತೆಗೆದನು. ಹತ್ತು ಹದಿನೈದು ಸೆಕೆಂಡಿನ ಇಪ್ಪತ್ತು ತುಣುಕುಗಳು ಒಂದು ರಾತ್ರಿಗೆ ಸಾಕು. ತುದಿಯು ಮೊದಲಿಗೆ ಕೂಡುವಂತೆ ಕತ್ತರಿಸಿದರೆ ಮತ್ತೆ ಮತ್ತೆ ತಿರುಗಿದರೂ ಕಣ್ಣಿಗೆ ಎಡವುವುದಿಲ್ಲ. ದಸರೆಯ ಮಂಟಪದ ಮುಂದೆ ಜನರು ಚಳಿಯಲ್ಲಿಯೂ ಕಾದು ನಿಲ್ಲುವುದು ಬರಿಯ ದೀಪಕ್ಕಾಗಿಯಲ್ಲ, ತಮಗೆ ಗುರುತಿರುವ ಕಥೆಯು ಅಲ್ಲಿ ನಡೆಯುವುದೆಂದು. ಕಣದಲ್ಲಿ ಕುಣಿಯುವವರಿಗೂ ತಮ್ಮ ಊರಿನ ಹೂವು ತೆರೆಯ ಮೇಲೆ ಅರಳಿದರೆ ಹಾಗೆಯೇ.

ಸಣ್ಣಪುಟ್ಟ ಎಚ್ಚರಗಳು ಇನ್ನೂ ಕೆಲವಿವೆ. ಕಂಪ್ಯೂಟರಿನಲ್ಲಿ ಎರಡು ತೆರೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಇಲ್ಲವಾದರೆ ಮನೆಯಿಂದ ಬಂದ ಸಂದೇಶವನ್ನು ಬೀಗರೆಲ್ಲ ಓದುವರು. ತೋಟದ ನಡುವಣ ಹೋಂಸ್ಟೇಗಳಲ್ಲಿ ಅಂತರ್ಜಾಲವನ್ನು ನಂಬುವಂತಿಲ್ಲವಾಗಿ ಎಲ್ಲ ಚಿತ್ರಗಳೂ ಯಂತ್ರದೊಳಗೇ ಇರಬೇಕು. ವಿದ್ಯುತ್ತು ಹೋಗಿ ಜನರೇಟರು ಹೊರಡುವಷ್ಟರಲ್ಲಿ ಪ್ರೊಜೆಕ್ಟರು ಆರಿ ಹೊತ್ತುವುದು ತಡವಾಗುವುದೆಂಬುದನ್ನೂ ಮರೆಯಬಾರದು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ಮುಚ್ಚಿದ ಸಭಾಂಗಣಗಳನ್ನುಳಿದು, ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವು ನಿಷಿದ್ಧ. ಹಾಡು ನಿಂತ ಮೇಲೆ ಅಂಗಳದಲ್ಲಿ ಊಟಕ್ಕೆ ಕುಳಿತವರ ಮುಂದೆ ಚಿತ್ರವು ಮೌನವಾಗಿ ನಡೆಯುತ್ತಿರಬಹುದು. ಬೆಳಕಿಗೆ ಆ ನಿಷೇಧವಿಲ್ಲ.

ಹೆಂಚು ಹೊದಿಸಿದುದಾಯಿತು. ಸೋದರಳಿಯನು ಈ ಸಲದ ಮದುವೆಯ ಕಾಲವನ್ನೆಲ್ಲ ‘ಒಬಿಎಸ್’ನಿಂದಲೇ ನಡೆಸಿ, ಬಂದ ಸಂಭಾವನೆಯಲ್ಲಿ ಕಾಲುಭಾಗವನ್ನು ಬೇರೆ ತೆಗೆದಿಡುತ್ತಿರುವನು, ಬಿಡುವಿನ ದಿನಗಳಲ್ಲಿ ‘ರೆಸೊಲ್ಯೂಮ್’ನ ಪರೀಕ್ಷಾಪ್ರತಿಯಲ್ಲಿ ಕೈ ಪಳಗಿಸಿಕೊಳ್ಳುತ್ತಿರುವನು. ಅದನ್ನು ಕೊಳ್ಳುವ ದಿನವೂ ಬಂದೀತು. ಆ ಹೊತ್ತಿಗೆ ಅದರ ಬೆಲೆಯನ್ನು ಅವನ ವೃತ್ತಿಯೇ ತೆತ್ತಿರುವುದು. ಮನೆಯಲ್ಲಿ ಇಂಥ ಬೇಡಿಕೆಯು ಹುಟ್ಟಿದಾಗ ಹಿರಿಯರು ಹೌದೆನ್ನುವುದಕ್ಕೂ ಅಲ್ಲವೆನ್ನುವುದಕ್ಕೂ ಮೊದಲು ದೀಪವನ್ನೊಮ್ಮೆ ಆರಿಸಿ, ಮಗನನ್ನೋ ಮಗಳನ್ನೋ “ತೋರಿಸು, ನೋಡೋಣ” ಎಂದು ಕೇಳಲಿ.