ಅಜ್ಜಿಯ ಟಿಎಸ್‌ಎಚ್ ಜಗಳ

ಅಜ್ಜಿಗೆ 82 ವರ್ಷ. ಹೋದ ರಜೆಯಲ್ಲಿ ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ನಾವು ಮೂರು ಜನ ಮೊಮ್ಮಕ್ಕಳು, ಮೂವರೂ ಇಂಜಿನಿಯರಿಂಗೇ, ಪಾಳಿ ಹಾಕಿಕೊಂಡು ಜೊತೆಗಿದ್ದೆವು. ಜ್ವರ, ಆಕ್ಸಿಜನ್ ವಿಷಯಕ್ಕೆ ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ. ಜಗಳ ಆಗಿದ್ದು ಥೈರಾಯ್ಡ್ ವಿಷಯಕ್ಕೆ.

ಅಡ್ಮಿಟ್ ಆದ ಎರಡನೇ ದಿನದ ರಿಪೋರ್ಟಲ್ಲಿ ಟಿ3 ಕಮ್ಮಿ, ಟಿಎಸ್‌ಎಚ್ 0.3. ಹತ್ತನೇ ದಿನ ಮತ್ತೆ ನೋಡಿದರೆ ಟಿಎಸ್‌ಎಚ್ 8.1. ಲ್ಯಾಬಿನವರು ಬರೆಯುವ ನಾರ್ಮಲ್ ಸುಮಾರು 0.4ರಿಂದ 4. ಎಂಟು ದಿನದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ! ಟಿ4 ಮಾತ್ರ ಎರಡೂ ಸಲ ನಾರ್ಮಲ್ ಒಳಗೇ ಇತ್ತು, ಆದರೆ ಅದನ್ನು ಯಾರು ನೋಡ್ತಾರೆ? ದೊಡ್ಡಪ್ಪ ರಿಪೋರ್ಟಿನ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಅತ್ತೆ, "ನಂಗೂ ಇದೇ ಇತ್ತು, ಮಾತ್ರೆ ತಗೊಂಡ್ಮೇಲೆ ಎಷ್ಟೋ ವಾಸಿ, ಅಮ್ಮಂಗೂ ಶುರು ಮಾಡಿಸಿ" ಅಂದರು. ಡಾಕ್ಟರು, "ಈಗ ಬೇಡ, ಆರು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡೋಣ" ಅಂದರು. ವಯಸ್ಸಾದವರು ಅಂತ ಅಸಡ್ಡೆ ಮಾಡ್ತಿದ್ದಾರೆ ಅನ್ನೋದು ದೊಡ್ಡಪ್ಪನ ಸಿಟ್ಟು.

ನಮಗೆ ಇದು ಅರ್ಥ ಆಗಿದ್ದು ಕಂಟ್ರೋಲ್ ಸಿಸ್ಟಮ್ಸ್ ಪುಣ್ಯದಿಂದ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಟಿಎಸ್‌ಎಚ್ ಜಾಸ್ತಿ ಬಿಡುತ್ತೆ, ಜಾಸ್ತಿಯಾದರೆ ಕಮ್ಮಿ ಮಾಡುತ್ತೆ. ನೀರಿನ ಟ್ಯಾಂಕಿನ ಆಟೋ ಸ್ವಿಚ್ ಥರ. ಆದ್ದರಿಂದ ಆರೋಗ್ಯವಾಗಿರುವವರಲ್ಲಿ ಟಿಎಸ್‌ಎಚ್ ನೋಡಿದರೆ ಥೈರಾಯ್ಡ್ ಹೇಗಿದೆ ಅಂತ ಗೊತ್ತಾಗುತ್ತೆ. ಜೋರಾಗಿ ಕಾಯಿಲೆ ಬಿದ್ದವರಲ್ಲಿ ಈ ಲೆಕ್ಕ ಕೆಡುತ್ತೆ. ಥೈರಾಯ್ಡ್ ಹೆಚ್ಚಾಗಿ ಬಿಡುವುದು ಟಿ4, ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣು. ಒಂದನ್ನು ತೆಗೆದರೆ ಕೆಲಸ ಮಾಡುವ ಟಿ3. ಅದೇ ಒಂದನ್ನು ಬೇರೆ ಜಾಗದಿಂದ ತೆಗೆದರೆ ರಿವರ್ಸ್ ಟಿ3, ಅದು ಹೆಚ್ಚುಕಮ್ಮಿ ಕೆಲಸಕ್ಕೆ ಬಾರದ್ದು. ಕಾಯಿಲೆಯಲ್ಲಿ ದೇಹ ಟಿ3 ಮಾಡುವುದನ್ನು ಕಮ್ಮಿ ಮಾಡುತ್ತೆ, ರಿವರ್ಸ್ ಟಿ3 ಏರುತ್ತೆ, ಟಿಎಸ್‌ಎಚ್ ಕೂಡ ಇಳಿಯಬಹುದು. ಸ್ಟೀರಾಯ್ಡ್ ಕೊಟ್ಟಿದ್ದರೆ ಇನ್ನೂ ಇಳಿಯುತ್ತೆ. ಕರೆಂಟ್ ಹೋದಾಗ ಗೀಸರ್, ಫ್ರಿಜ್ ಎಲ್ಲ ಆಫ್ ಮಾಡಿ ಯುಪಿಎಸ್ ಮೇಲೆ ಎರಡು ಲೈಟ್ ಉರಿಸಿದ ಹಾಗೆ. ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ವಾಪಸ್ ಬರುವ ಭರದಲ್ಲಿ ಗೆರೆ ದಾಟಿ ಮೇಲೆ ಹೋಗುತ್ತೆ. ಓವರ್‌ಶೂಟ್! ಡಾಕ್ಟರ ಪ್ರಕಾರ ಅಜ್ಜಿಯ 8.1 ಬಹುಶಃ ಅದೇ. ಅಂದ್ರೆ ನಾವೆಲ್ಲ ಹೆದರಿದ ನಂಬರು ಅಜ್ಜಿ ಸುಧಾರಿಸುತ್ತಿರುವ ಗುರುತು ಇರಬಹುದು.

ಟಿ3 ತುಂಬಾ ಕೆಳಗಿದ್ದರೆ ಕಾಯಿಲೆ ಜೋರಾಗಿದೆ ಅಂತ ಅರ್ಥ, ಅಂಥವರಲ್ಲಿ ಸಾವೂ ಜಾಸ್ತಿ. ಇದು ನಿಜ. ಆದರೆ ಹೊರಗಿನಿಂದ ಹಾರ್ಮೋನ್ ಕೊಟ್ಟು ಆ ನಂಬರ್ ಸರಿ ಮಾಡಿದರೆ ರೋಗಿ ಉಳಿಯುತ್ತಾರೆ ಅಂತ ಸಾಬೀತಾಗಿಲ್ಲ.

ಡಾಕ್ಟರು ರಿಪೋರ್ಟಿಗಿಂತ ಹೆಚ್ಚು ಹೊತ್ತು ಕೇಳಿದ್ದು ಬೇರೆ ಪ್ರಶ್ನೆ. "ಕಾಯಿಲೆ ಬೀಳೋಕೆ ಎರಡು ವಾರ ಮುಂಚೆ ಇವರು ಏನೇನು ಮಾಡ್ಕೋತಿದ್ರು?" ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಒಂದು ಅಳತೆ ಇದೆ, ವಯಸ್ಸಾದವರು ಎಷ್ಟು ನಿತ್ರಾಣರಾಗಿದ್ದಾರೆ ಅಂತ ಅಂಕ ಕೊಡುವುದು. ಅದಕ್ಕೆ ರಕ್ತ ಬೇಡ, ಇಂಥ ಪ್ರಶ್ನೆಗಳು ಸಾಕು. ದೊಡ್ಡಪ್ಪ, "ತೋಟಕ್ಕೆ ಹೋಗಿ ಬರ್ತಿದ್ರು" ಅಂದರು. ಅಜ್ಜಿ ಜೊತೆಗೇ ಇರುವ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ತಿಂಗಳಿಂದ ನಾನೇ ಸ್ನಾನ ಮಾಡಿಸ್ತಿದೀನಿ. ಬಾಗಿಲಿಗೆ ಬರೋಕೂ ಗೋಡೆ ಹಿಡ್ಕೋತಾರೆ" ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ಹೀಗೆ ಗೋಡೆ ಹಿಡಿದು ನಡೆಯುವವರಿಗೆ ಬೇಡದ ಥೈರಾಯ್ಡ್ ಮಾತ್ರೆ ಹೆಚ್ಚಾದರೆ ಎದೆಬಡಿತ ತಾಳ ತಪ್ಪಬಹುದು, ಮೂಳೆ ಸವೆಯಬಹುದು. ಆಮೇಲೆ ಒಂದು ಸಲ ಬಿದ್ದರೆ ಸೊಂಟದ ಮೂಳೆ.

ನಾವು ಮೂವರೂ ಕೂತು ಓದಿದ್ದರಲ್ಲಿ ಎರಡು ನೆನಪಲ್ಲಿ ಉಳಿದಿವೆ. ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಲ್ಲಿ 85 ದಾಟಿದವರನ್ನು ಕೆಲವು ವರ್ಷ ಗಮನಿಸಿ 2004ರಲ್ಲಿ ಬರೆದರು: ಟಿಎಸ್‌ಎಚ್ ಜಾಸ್ತಿ ಇದ್ದವರು ಬೇಗ ಸಾಯಲಿಲ್ಲ, ಬದಲಿಗೆ ಹೆಚ್ಚು ದಿನ ಬದುಕಿದರು. ಇನ್ನೊಂದು ಯುರೋಪಿನ ಟ್ರಸ್ಟ್ ಅಧ್ಯಯನ, 2017ರದ್ದು. 65 ದಾಟಿದ, ಟಿಎಸ್‌ಎಚ್ ಮಾತ್ರ ಏರಿದ್ದ 737 ಜನರಲ್ಲಿ ಕೆಲವರಿಗೆ ಮಾತ್ರೆ, ಉಳಿದವರಿಗೆ ಔಷಧ ಇಲ್ಲದ ಸುಳ್ಳು ಮಾತ್ರೆ. ವರ್ಷದ ನಂತರ ಸುಸ್ತಿನಲ್ಲಿ ವ್ಯತ್ಯಾಸ ಇರಲಿಲ್ಲ. ಇವರು ಆಸ್ಪತ್ರೆಯಲ್ಲಿ ಮಲಗಿದವರಲ್ಲ, ಮನೆಯಲ್ಲಿದ್ದವರು ಅನ್ನೋದನ್ನೂ ಹೇಳಬೇಕು.

ಇದನ್ನೆಲ್ಲ ಗ್ರೂಪಲ್ಲಿ ಹಾಕಿದ ತಕ್ಷಣ ಅತ್ತೆ, "ಹಾಗಾದ್ರೆ ನನ್ನ ಮಾತ್ರೆ ನಿಲ್ಲಿಸ್ಲಾ?" ಅಂದರು. ಅಯ್ಯೋ, ಬೇಡ! ಅತ್ತೆಗೆ ಟಿ4 ಕೂಡ ಕಮ್ಮಿ ಇತ್ತು, ಅದು ನಿಜವಾದ ಕಾಯಿಲೆ. ಅಂಥವರು ಆಸ್ಪತ್ರೆ ಸೇರಿದರೂ ಮಾತ್ರೆ ತಪ್ಪಿಸಬಾರದು. ಪಕ್ಕದ ಬೆಡ್ಡಿನ ಅಜ್ಜ ಅದನ್ನು ದಿನಾ ಕಾಫಿ ಜೊತೆ ನುಂಗುತ್ತಿದ್ದರು. ಖಾಲಿ ಹೊಟ್ಟೆಗೆ ನೀರಲ್ಲಿ ತಗೋಬೇಕು ಅಂತ ಸಿಸ್ಟರ್ ಒಬ್ಬರು ಕೊನೆಗೂ ಹೇಳಿದರು.

ಅಜ್ಜಿಗೆ ಡಾಕ್ಟರು ಬರೆದದ್ದು ಊಟ ಮತ್ತು ನಡಿಗೆ. ಊಟ ಸುಲಭ: ಬೇಳೆ, ಮೊಸರು, ರಾಗಿ ಗಂಜಿ. ನಡೆಸುವುದೇ ಕಷ್ಟ. "ಬಿಡ್ರೋ, ಸಾಯೋ ಕಾಲಕ್ಕೆ ಪೆರೇಡ್ ಮಾಡಿಸ್ತೀರಾ" ಅಂತ ಬೈಸಿಕೊಂಡು ವಾರ್ಡಿನ ಉದ್ದಕ್ಕೆ ದಿನಕ್ಕೆ ಮೂರು ಸಲ.

ಆರು ವಾರದ ಟೆಸ್ಟಲ್ಲಿ ಟಿಎಸ್‌ಎಚ್ 5.2 ಬಂತು. ವಯಸ್ಸಾದಂತೆ ಅದು ಸ್ವಲ್ಪ ಏರುವುದು ಸಹಜ; ಆದರೂ ಲ್ಯಾಬಿನವರು ಪಕ್ಕದಲ್ಲಿ 'ಹೈ' ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಡಾಕ್ಟರು ಅದನ್ನು ಒಂದು ಸಲ ನೋಡಿ ಪಕ್ಕಕ್ಕಿಟ್ಟು, ಕೈ ಊರದೆ ಕುರ್ಚಿಯಿಂದ ಏಳಿ ಅಂದರು. ಅಜ್ಜಿ ಮೂರನೇ ಸಲಕ್ಕೆ ಎದ್ದರು. ಮುಂದಿನ ಟೆಸ್ಟ್ ಮೂರು ತಿಂಗಳಿಗೆ.