ಕ್ಯಾಸನೂರಿನ ಕಾಡೂ ದೂರದೇಶದ ವಿದ್ವಾಂಸರೂ

ಶಿವಮೊಗ್ಗ ಜಿಲ್ಲೆಯ ಉತ್ತರಭಾಗದಲ್ಲಿ ಶಿಕಾರಿಪುರ, ಸೊರಬ ಎಂಬ ಎರಡು ತಾಲ್ಲೂಕುಗಳು ಒಂದರ ಮಗ್ಗುಲಲ್ಲೊಂದು ಇರುವುವು. ಮೂಡಲಿಗೆ ಬಯಲುಸೀಮೆ, ಪಡುವಲಿಗೆ ದಟ್ಟವಾದ ಮಲೆನಾಡು. ಇವೆರಡರ ನಡುವೆ ಗದ್ದೆ, ಕೆರೆ, ತೋಟ, ಕುರುಚಲು ಕಾಡು ಇವು ಒಂದರೊಳಗೊಂದು ಹೆಣೆದುಕೊಂಡಿರುವ ಸೀಮೆಯಿದು. ಇತಿಹಾಸಪ್ರಿಯರಾದ ವಾಚಕರಿಗೆ ಇದರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಕದಂಬರ ತಾಳಗುಂದ, ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಇವೆಲ್ಲವೂ ಶಿಕಾರಿಪುರದ ಸೀಮೆಯವು. ಚಂದ್ರಗುತ್ತಿಯ ಬೆಟ್ಟ, ಗುಡವಿಯ ಹಕ್ಕಿಗಳ ಕೆರೆ, ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಮನೆಗಳು ಸೊರಬದ ಸೊತ್ತು. ಆದರೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ಸೀಮೆಯ ಹೆಸರು ನಿಂತಿರುವುದು ಈ ಯಾವ ಕಾರಣದಿಂದಲೂ ಅಲ್ಲ. ಕ್ಯಾಸನೂರೆಂಬ ಒಂದು ಸಣ್ಣ ಹಳ್ಳಿಯ ಕಾಡಿನಿಂದ. ಆ ಕಾಡಿನ ಕಥೆಯನ್ನೂ, ಅದನ್ನರಸಿ ಬಂದ ದೂರದೇಶದ ವಿದ್ವಾಂಸರು ನಮ್ಮ ಜನರಿಗೆ ಬಿಟ್ಟುಹೋದುದೇನೆಂಬುದನ್ನೂ ಇಲ್ಲಿ ನಿರೂಪಿಸಬೇಕೆಂದಿರುವೆವು.

ನಾವು ಈ ಪ್ರವಾಸವನ್ನು ಕೈಗೊಂಡುದು ಮಾಘಮಾಸದಲ್ಲಿ. ಶಿಕಾರಿಪುರದಲ್ಲಿ ಮೊದಲು ಹುಚ್ಚರಾಯಸ್ವಾಮಿಯ ದರ್ಶನವಾಯಿತು. ಇಲ್ಲಿಯ ಊರದೇವರು ಆಂಜನೇಯನೇ. ಗುಡಿಯ ಸುತ್ತಲೂ ಮಂಗಗಳು ನಿರ್ಭಯವಾಗಿ ಸಂಚರಿಸುವುವು. ಅವುಗಳನ್ನು ಯಾರೂ ಹೊಡೆಯುವುದಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಮಂಗವು ಸತ್ತರೆ ಅದಕ್ಕೆ ಅರಿಶಿನ ಕುಂಕುಮವಿಟ್ಟು, ಹೂ ಮುಡಿಸಿ, ಮನುಷ್ಯರಿಗೆ ಮಾಡುವಂತೆಯೇ ಮಣ್ಣು ಮಾಡುವ ವಾಡಿಕೆಯುಂಟು. ಈ ಭಕ್ತಿಯು ನಮ್ಮ ಮುಂದಿನ ಕಥೆಗೆ ಸಂಬಂಧಪಟ್ಟುದು. ಆದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಅಲ್ಲಿಂದ ಶಿರಾಳಕೊಪ್ಪದ ಮಾರ್ಗವಾಗಿ ಬಳ್ಳಿಗಾವೆಗೆ ಹೋದೆವು. ಕೇದಾರೇಶ್ವರನ ಗುಡಿಯ ಶಿಲ್ಪವನ್ನು ವರ್ಣಿಸಲು ಇದು ಸ್ಥಳವಲ್ಲ. ಆದರೆ ಆ ಗುಡಿಗೆ ಸೇರಿದ ಕೋಡಿಯಮಠವನ್ನು ಕುರಿತ ಕ್ರಿ. ಶ. ೧೧೬೨ರ ಶಾಸನವೊಂದನ್ನು ಹೇಳದೆ ಮುಂದೆ ಹೋಗಲಾರೆವು. ಆ ಮಠದಲ್ಲಿ ವೇದಶಾಸ್ತ್ರ ವ್ಯಾಕರಣಗಳ ಪಾಠ ನಡೆಯುತ್ತಿತ್ತು. ದೀನರಿಗೂ ಅಂಗಹೀನರಿಗೂ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವಾಗುತ್ತಿತ್ತು ಎಂದು ಆ ಶಾಸನವು ತಿಳಿಸುತ್ತದೆ. ನಾನಾ ದೇಶಗಳಿಂದ ಬಂದ ಭಿಕ್ಷುಗಳೂ ಸನ್ಯಾಸಿಗಳೂ ಅಲ್ಲಿ ಆಶ್ರಯ ಪಡೆಯುತ್ತಿದ್ದರು. ವಿದ್ಯೆಯೂ ವೈದ್ಯವೂ ಒಂದೇ ಸೂರಿನಡಿ ಇರಬೇಕು, ಪರದೇಶದವರಿಗೂ ಅಲ್ಲಿ ಬಾಗಿಲು ತೆರೆದಿರಬೇಕು ಎಂಬ ಭಾವನೆಯು ಈ ಸೀಮೆಗೆ ಹೊಸದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಸೊರಬದ ಕಡೆಗೆ. ದಾರಿಯ ಇಕ್ಕೆಲಗಳಲ್ಲಿಯೂ ತಲೆಯ ಮೇಲೆ ದರಗಿನ ಹೊರೆಯನ್ನು ಹೊತ್ತ ಹೆಂಗಸರು ಸಾಲಾಗಿ ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಮಳೆಗಾಲದವರೆಗೆ ಕಾಡಿನಿಂದ ಸೌದೆ, ಸೊಪ್ಪು, ತರಗೆಲೆಗಳನ್ನು ತಂದು ಕೂಡಿಡುವುದು ಇಲ್ಲಿಯ ಸಂಸಾರಗಳ ಕ್ರಮ. ಒಲೆಗೆ ಸೌದೆ, ಕೊಟ್ಟಿಗೆಗೆ ಹಾಸು, ತೋಟಕ್ಕೆ ಗೊಬ್ಬರ ಎಲ್ಲವೂ ಆ ಕಾಡಿನಿಂದಲೇ ಬರಬೇಕು. ಕಾಡಿಗೆ ಹೋಗಬೇಡಿರೆಂದು ಇವರಿಗೆ ಹೇಳುವುದು, ಅಡಿಗೆಮನೆಗೆ ಹೋಗಬೇಡಿರೆಂದು ಹೇಳಿದಂತೆಯೇ ಸರಿ.

೧೯೫೭ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ, ಇಂಥದೇ ಬೇಸಿಗೆಯ ದಿನಗಳಲ್ಲಿ, ಕ್ಯಾಸನೂರಿನ ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಮರದಿಂದ ಉದುರಿ ಸಾಯುತ್ತಿರುವುವೆಂಬ ವರ್ತಮಾನವು ಹೊರಗೆ ಬಂದಿತು. ಅದೇ ಕಾಲದಲ್ಲಿ ಸುತ್ತಣ ಹಳ್ಳಿಗಳ ಜನರು ಕಠಿನವಾದ ಜ್ವರದಿಂದ ಹಾಸಿಗೆ ಹಿಡಿದಿದ್ದರು. ತಲೆ ಸಿಡಿಯುವಂಥ ನೋವು, ಮೈಕೈಗಳಲ್ಲಿ ಸಹಿಸಲಾರದ ಸೆಳೆತ, ವಾಂತಿ, ಕೆಲವರಿಗೆ ಮೂಗಿನಿಂದಲೂ ವಸಡಿನಿಂದಲೂ ರಕ್ತ. ಇದು ರೋಗದ ರೀತಿ. ಆ ವರ್ಷದಲ್ಲಿ ೪೬೬ ಜನರೂ, ಮರುವರ್ಷ ೧೮೧ ಜನರೂ ಇದಕ್ಕೆ ತುತ್ತಾದುದು ಲೆಕ್ಕಕ್ಕೆ ಸಿಕ್ಕಿದೆ. ಜನರು ಇದನ್ನು ಮಂಗನ ಕಾಯಿಲೆಯೆಂದು ಕರೆದರು. ಮಕ್ಕಳ ಕೆನ್ನೆ ಊದುವ ಮಂಗನಬಾವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಮನೆವಂತರು ಗಮನಿಸಬೇಕು.

ವರ್ತಮಾನವು ಪುಣೆಯನ್ನು ಮುಟ್ಟಿತು. ಅಲ್ಲಿ ೧೯೫೨ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಒಂದು ವೈರಾಣು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದುವು. ಕೇಂದ್ರದ ಡಾಕ್ಟರ್ ಟೆಲ್ಫೋರ್ಡ್ ವರ್ಕ್, ಪ್ರಾಣಿಶಾಸ್ತ್ರಜ್ಞರಾದ ಹೆರಾಲ್ಡ್ ಟ್ರಾಪಿಡೋ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಈ ರೋಗದ ಶೋಧನೆಗೆ ತೊಡಗಿದರು. ಮೊದಲು ಅವರ ಮನಸ್ಸಿನಲ್ಲಿ ಮೂಡಿದುದು ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಅದು ಹಳದಿ ಜ್ವರದ ಮುನ್ಸೂಚನೆ. ಆ ಜ್ವರವು ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆಗಳು ಮಾತ್ರ ಇಲ್ಲಿ ಬೇಕಾದಷ್ಟಿದ್ದುವು. ಆದರೆ ಸತ್ತ ಮಂಗಗಳಿಂದಲೂ, ಕಾಡಿನ ಉಣುಗುಗಳಿಂದಲೂ, ರೋಗಿಗಳ ರಕ್ತದಿಂದಲೂ ತೆಗೆದ ವೈರಾಣು ಬೇರೆಯೇ ಆಗಿತ್ತು. ಅದು ರಷ್ಯದ ಕಾಡುಗಳಲ್ಲಿ ಕಾಣುವ ಒಂದು ಮೆದುಳುಜ್ವರದ ವೈರಾಣುವಿಗೆ ದಾಯಾದಿ. ಆದರೂ ಜಗತ್ತಿಗೆ ಹೊಸದು. ಮೊದಲು ಕಂಡ ಕಾಡಿನ ಹೆಸರನ್ನೇ ಅದಕ್ಕಿಟ್ಟರು.

ಸಾಗರದಲ್ಲಿ ಕ್ಷೇತ್ರಶಾಲೆಯೊಂದನ್ನು ತೆರೆದು ವರ್ಷಗಟ್ಟಲೆ ಕೆಲಸ ನಡೆಯಿತು. ಕೊಲಂಬಿಯಾ ದೇಶದ ಹೋರ್ಹೆ ಬೋಶೆಲ್ ಎಂಬ ವಿದ್ವಾಂಸರು ಇಲ್ಲಿಗೆ ಬಂದು, ನಮ್ಮವರೇ ಆದ ಪಿ. ಕೆ. ರಾಜಗೋಪಾಲನ್ ಮೊದಲಾದವರೊಡನೆ ಕಾಡನ್ನು ಅಂಗುಲ ಅಂಗುಲವಾಗಿ ಶೋಧಿಸಿದರು. ಬಟ್ಟೆಯನ್ನು ನೆಲದ ಮೇಲೆ ಎಳೆದು ಉಣುಗುಗಳನ್ನು ಹಿಡಿಯುವುದು, ಇಲಿ ಹಕ್ಕಿಗಳ ಮೈಯಿಂದ ಅವನ್ನು ಆರಿಸುವುದು, ಎಣಿಸುವುದು. ಇದು ಅವರ ನಿತ್ಯಕರ್ಮ. ಇದು ಅಪಾಯವಿಲ್ಲದ ಕೆಲಸವಾಗಿರಲಿಲ್ಲ. ಈ ವೈರಾಣುವನ್ನು ಕೈಯಾಡಿಸಿದ ಪರೀಕ್ಷಾಲಯದ ಹಲವರು ತಾವೇ ಜ್ವರದಲ್ಲಿ ಬಿದ್ದರು.

ಅವರು ಕಂಡುಹಿಡಿದ ಸಂಗತಿಯನ್ನು ಸುಲಭವಾಗಿ ಹೇಳಬಹುದು. ಉಣುಗಿನ ಜನ್ಮದಲ್ಲಿ ಮೂರು ಅವಸ್ಥೆಗಳುಂಟು. ಮೊದಲನೆಯದು ಇಲಿ, ಹಕ್ಕಿ ಮುಂತಾದ ಸಣ್ಣ ಜೀವಿಗಳ ರಕ್ತವನ್ನು ಹೀರುವುದು. ಎರಡನೆಯದು, ರಾಗಿಯ ಕಾಳಿಗಿಂತ ದೊಡ್ಡದಲ್ಲದ ಮರಿ. ಇದು ಮಂಗಗಳನ್ನೂ ಮನುಷ್ಯರನ್ನೂ ಕಚ್ಚುವುದು. ಈ ಮರಿಗಳು ಹೆಚ್ಚುವುದು ಕಾರ್ತಿಕದಿಂದ ವೈಶಾಖದವರೆಗೆ. ರೋಗದ ಕಾಲವೂ ಅದೇ. ಬೆಳೆದ ಉಣುಗು ಮಳೆಗಾಲದಲ್ಲಿ ದೊಡ್ಡ ಪ್ರಾಣಿಗಳನ್ನು, ಮುಖ್ಯವಾಗಿ ನಮ್ಮ ದನಗಳನ್ನು ಆಶ್ರಯಿಸಿ, ರಕ್ತ ಹೀರಿ ಕೊಬ್ಬಿ, ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಗಳನ್ನಿಡುವುದು. ಮಂಗವು ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ವಿಷದ ಉಣುಗುಗಳೆಲ್ಲ ಇಳಿದು ಸುತ್ತಣ ನೆಲದಲ್ಲಿ ಹೊಂಚಿ ಕೂರುವುವು. ಭಕ್ತಿಯಿಂದ ಮಂಗನಿಗೆ ಮಣ್ಣು ಮಾಡಲು ಹೋದವನಿಗೆ ಬರುವ ಅಪಾಯವು ಎಂಥದೆಂದು ಇನ್ನು ಹೇಳಬೇಕಾದುದಿಲ್ಲ. ಆದರೆ ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ರೋಗಿಯ ಸೇವೆ ಮಾಡಲು ಮನೆಯವರು ಹೆದರಬೇಕಾದುದಿಲ್ಲ.

ಬೋಶೆಲ್ ಅವರು ೧೯೬೯ರಲ್ಲಿ ಪ್ರಕಟಿಸಿದ ವಿಚಾರವು ಇನ್ನೂ ಗಂಭೀರವಾದುದು. ಕಾಡನ್ನು ತುಂಡುತುಂಡಾಗಿ ಕಡಿದು ಊರು ಗದ್ದೆಗಳನ್ನು ಮಾಡಿದುದರಿಂದಲೂ, ಆ ತುಂಡುಕಾಡುಗಳಲ್ಲಿ ದನಗಳನ್ನು ಹೆಚ್ಚಾಗಿ ಮೇಯಿಸಿದುದರಿಂದಲೂ ಉಣುಗುಗಳು ವಿಪರೀತವಾಗಿ ವೃದ್ಧಿಯಾದುವು. ಕಾಡಿನೊಳಗೆ ತನ್ನಷ್ಟಕ್ಕೆ ತಾನಿದ್ದ ವೈರಾಣುವು ಊರಿನ ಅಂಚಿಗೆ ಬಂದಿತು ಎಂಬುದೇ ಅವರ ಮತ. ಕಾಡು, ದನ, ಮಂಗ, ಮನುಷ್ಯ ಇವರ ಆರೋಗ್ಯವು ಒಂದೇ ದಾರದಲ್ಲಿ ಪೋಣಿಸಿದುದೆಂದು ಇಂದಿನ ಪಂಡಿತರು ಹೇಳುವ ಮಾತಿಗೆ ಸೊರಬದ ಈ ಕುರುಚಲು ಕಾಡೇ ಒಂದು ದೊಡ್ಡ ಪ್ರಮಾಣವಾಯಿತು. ೨೦೨೦ರಲ್ಲಿ ಬ್ರಿಟನ್ನಿನ ಹಾಗೂ ಭಾರತದ ಸಂಶೋಧಕರು ಜತೆಗೂಡಿ ರಚಿಸಿದ ಅಪಾಯದ ನಕ್ಷೆಯಲ್ಲಿಯೂ, ಕಾಡು ತೋಟಗಳು ಬೆರೆತು ದನಗಳು ಹೆಚ್ಚಾಗಿರುವ ಸ್ಥಳಗಳೇ ಮುಖ್ಯವಾಗಿ ಗುರುತಾದುವು.

ಹಕ್ಕಿಗಳ ವಿಷಯವನ್ನೂ ಇಲ್ಲಿ ಹೇಳಬೇಕು. ರಷ್ಯದ ವೈರಾಣುವಿನ ಹೋಲಿಕೆಯಿದ್ದುದರಿಂದ, ಉತ್ತರದೇಶಗಳಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳೇ ಇದನ್ನು ತಂದುವೋ ಎಂಬ ಸಂಶಯ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾಲಿಂ ಅಲಿಯವರೂ ಮುಂಬಯಿಯ ನಿಸರ್ಗ ಇತಿಹಾಸ ಸಂಘದವರೂ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಸಂಚಾರವನ್ನು ತಿಳಿಯುವ ಮಹಾಕಾರ್ಯವನ್ನು ಆರಂಭಿಸಿದರು. ಹಕ್ಕಿಗಳ ಮೇಲಿನ ಆರೋಪವು ಸಿದ್ಧವಾಗಲಿಲ್ಲ. ಆದರೆ ನಮ್ಮ ದೇಶದ ಪಕ್ಷಿಶಾಸ್ತ್ರಕ್ಕೆ ಅಪಾರವಾದ ಲಾಭವಾಯಿತು. ಮುಂದೆ ಇಂಥ ಕೆಲಸಗಳಿಗೆ ಅಮೆರಿಕದ ಸೇನೆಯ ಹಣವೂ ಬರುತ್ತಿದೆಯೆಂದು ತಿಳಿದಾಗ, ೧೯೭೪-೭೫ರ ಸುಮಾರಿಗೆ ಸಂಸತ್ತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಪ್ರಶ್ನೆಗಳೆದ್ದುವು. ಆ ಪ್ರಶ್ನೆಗಳನ್ನು ಕೇಳಿದುದು ತಪ್ಪೆಂದು ನಾವು ಹೇಳಲಾರೆವು. ಪರದೇಶದ ವಿದ್ಯೆಯನ್ನು ಸ್ವಾಗತಿಸುವವನು, ಅದರ ಖರ್ಚನ್ನು ಕೊಡುವವರು ಯಾರೆಂದು ವಿಚಾರಿಸುವುದೂ ಗೃಹಸ್ಥಧರ್ಮವೇ.

ಕಾಲಕ್ರಮದಲ್ಲಿ ಪರದೇಶದವರು ಹಿಂದಿರುಗಿದರು. ರಾಕ್‌ಫೆಲರ್ ಪ್ರತಿಷ್ಠಾನದ ನ್ಯೂಯಾರ್ಕಿನ ವೈರಾಣು ವಿಭಾಗವು ೧೯೬೪ರ ಸುಮಾರಿಗೆ ಯೇಲ್ ವಿಶ್ವವಿದ್ಯಾನಿಲಯಕ್ಕೆ ಸೇರಿಹೋಯಿತು. ಪುಣೆಯ ಕೇಂದ್ರವು ಪೂರ್ಣವಾಗಿ ನಮ್ಮದಾಗಿ, ೧೯೭೮ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಅರ್ಧ ಶತಮಾನದ ತರುವಾಯ ಮತ್ತೊಂದು ವಿಶ್ವವಿದ್ಯಾನಿಲಯವು ಈ ಕಾರ್ಯಕ್ಕೆ ಕೈಯಿಕ್ಕಿತು. ೨೦೧೪ರಿಂದ ಮುಂದೆ ಮಣಿಪಾಲ ವಿಶ್ವವಿದ್ಯಾನಿಲಯದ ವೈರಾಣು ಸಂಶೋಧನಾ ಕೇಂದ್ರದವರು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಸಹಾಯದಿಂದ ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಬಂದ ಜ್ವರಪೀಡಿತರ ರಕ್ತವನ್ನು ಪರೀಕ್ಷಿಸಿ, ಜ್ವರಕ್ಕೆ ಅದರದರ ಹೆಸರನ್ನು ಗುರುತಿಸುವ ದೊಡ್ಡ ಕೆಲಸವನ್ನು ಕೆಲವು ವರ್ಷಗಳವರೆಗೆ ನಡೆಸಿದರು. ಹೆಸರು ತಿಳಿಯದ ಜ್ವರಕ್ಕೆ ಉಪಾಯವೂ ತಿಳಿಯದಲ್ಲವೆ?

ಇಷ್ಟೆಲ್ಲ ಆದ ಮೇಲೆ ದರಗಿನ ಹೊರೆ ಹೊತ್ತ ಹೆಂಗಸಿಗೆ ದಕ್ಕಿದುದೇನು? ಲೆಕ್ಕವು ಪೂರ್ತಿ ಸಂತೋಷದಾಯಕವಲ್ಲ. ಆರಂಭದಲ್ಲಿ ಅಮೆರಿಕದಲ್ಲಿ ತಯಾರಾದ, ರಷ್ಯದ ವೈರಾಣುವಿನ ಲಸಿಕೆಯನ್ನು ಇಲ್ಲಿ ಹಾಕಿ ನೋಡಿದರು, ಅದು ಫಲಿಸಲಿಲ್ಲ. ಆಮೇಲೆ ಕೋಳಿಮರಿಯ ಭ್ರೂಣದ ಜೀವಕೋಶಗಳಲ್ಲಿ ನಮ್ಮವರೇ ಬೆಳೆಸಿದ ಲಸಿಕೆಯು ೧೯೯೦ರಿಂದ ಬಳಕೆಗೆ ಬಂದು ಅನೇಕರನ್ನು ಕಾಪಾಡಿತು. ಆದರೆ ಅದರ ಶಕ್ತಿಯು ಕ್ರಮೇಣ ಸಾಲದಾಯಿತು. ೨೦೦೫ರಿಂದ ೨೦೧೦ರವರೆಗಿನ ಪರಿಶೀಲನೆಯಲ್ಲಿ ಎರಡು ಸಲ ಚುಚ್ಚಿಸಿಕೊಂಡವರಿಗೆ ದೊರೆತ ರಕ್ಷಣೆಯು ನೂರಕ್ಕೆ ೬೨ರಷ್ಟು ಮಾತ್ರವೆಂದು ಕಂಡುಬಂದಿತು. ೨೦೨೨ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಯತ್ನ ನಡೆದಿದೆ. ರೋಗವಾದರೋ ತನ್ನ ತವರಿನಲ್ಲಿ ಉಳಿಯಲಿಲ್ಲ. ೧೯೮೨ರಲ್ಲಿ ಬೆಳ್ತಂಗಡಿಯ ಸೀಮೆ, ೨೦೧೨ರ ತರುವಾಯ ಬಂಡೀಪುರ, ವಯನಾಡು, ಗೋವೆ ಹೀಗೆ ಸಹ್ಯಾದ್ರಿಯ ಉದ್ದಕ್ಕೂ ಹರಡಿತು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವು ಮನೆಗಳ ದೀಪವನ್ನು ಆರಿಸಿತು. ರೋಗ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನರು ಮೃತರಾಗುವರು. ಇದನ್ನು ನೇರವಾಗಿ ಗುಣಪಡಿಸುವ ಔಷಧವಿಲ್ಲ.

ಆದರೂ ಬಂದವರು ಬರಿಗೈಯಲ್ಲಿ ಕಳುಹಿಸಿಹೋದರೆಂದು ಹೇಳಲಾಗದು. ಹಳ್ಳಿಗಳಲ್ಲಿ ನಾವು ವಿಚಾರಿಸಿ ತಿಳಿದುದಿಷ್ಟು: ಮಂಗ ಸತ್ತುದನ್ನು ಕಂಡವರು ಅದನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುವರು. ಇಲಾಖೆಯವರು ಬಂದು ಸುತ್ತಲೂ ಔಷಧದ ಪುಡಿಯನ್ನು ಎರಚುವರು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೈಗೆ ಹಚ್ಚುವ ಎಣ್ಣೆಯನ್ನು ಹಂಚುವರು. ಅಜ್ಜಿಯಂದಿರು ಸಹ ಉಣುಗಿನ ಕಾಲವಾವುದು, ಯಾವ ಜ್ವರಕ್ಕೆ ತಡಮಾಡಬಾರದು ಎಂಬುದನ್ನು ಬಲ್ಲರು. ಪರೀಕ್ಷಾಲಯದ ವಿದ್ಯೆಯು ಹೀಗೆ ಜಗಲಿಯ ಮಾತಾಗಿ ಪರಿಣಮಿಸಿರುವುದೇ ಈ ಸಹಕಾರದ ನಿಂತ ಫಲವೆಂದು ನಮ್ಮ ಅಭಿಪ್ರಾಯ. ಹಣವು ನಿಲ್ಲಬಹುದು, ಲಸಿಕೆಯು ಸೋಲಬಹುದು. ಮನೆಯೊಳಕ್ಕೆ ಬಂದ ತಿಳಿವಳಿಕೆಯು ಹೊರಗೆ ಹೋಗುವುದಿಲ್ಲ.

ಮಲೆನಾಡಿನಲ್ಲಿ ನೆಲಸಿರುವ, ಇಲ್ಲವೆ ಬೇಸಿಗೆಯಲ್ಲಿ ಅಲ್ಲಿಯ ನೆಂಟರ ಮನೆಗೆ ಹೋಗುವ ಸೋದರಿಯರು ಈ ಕೆಲವು ಮಾತುಗಳನ್ನು ಪಾಲಿಸಬೇಕು. ಕಾಡಿಗೆ ಹೋಗುವ ಮೊದಲು ಕೈಕಾಲುಗಳಿಗೆ ಎಣ್ಣೆ ಹಚ್ಚಿ ಮೈತುಂಬ ಬಟ್ಟೆ ಧರಿಸಬೇಕು. ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿಯೇ ಒಗೆಯಬೇಕು. ಮಂಗ ಸತ್ತ ಕಾಡಿನ ದರಗನ್ನು ಕೊಟ್ಟಿಗೆಗೆ ತರಬಾರದು. ದನಗಳ ಮೈಯ ಉಣುಗಿಗೆ ಪಶುವೈದ್ಯರಿಂದ ಔಷಧ ಹಾಕಿಸಬೇಕು. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದುದನ್ನು ಡಾಕ್ಟರರಿಗೆ ಮರೆಯದೆ ತಿಳಿಸಬೇಕು. ಮರದ ಬುಡದಲ್ಲಿ ಸತ್ತು ಬಿದ್ದ ಮಂಗವು ತನ್ನ ಪ್ರಾಣವನ್ನು ತೆತ್ತು ನಮಗೆ ಎಚ್ಚರಿಕೆ ಹೇಳಿದೆ. ದೂರದಲ್ಲಿಯೇ ನಿಂತು ಕೈಮುಗಿದು, ಸುದ್ದಿಯನ್ನು ಒಡನೆ ಮುಟ್ಟಿಸುವುದೇ ಅದಕ್ಕೆ ನಾವು ಮಾಡಬಹುದಾದ ಸಂಸ್ಕಾರ.