ಮೀನಿನ ತೊಟ್ಟಿಗೂ ಹೆಪ್ಪು

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಘಟಕದಲ್ಲಿ ನೈಟ್ರೋಜನ್ ಚಕ್ರವೆಂದರೆ ಒಂದು ಚಿತ್ರ, ಕೆಲವು ಬಾಣಗಳು. ಕಪ್ಪುಹಲಗೆಯ ಮೇಲೆ ಬರೆದರೆ ಹತ್ತು ನಿಮಿಷದ ಕೆಲಸ. ಬೋಧನಾಭ್ಯಾಸದ ನಾಲ್ಕು ವಾರಗಳಲ್ಲಿ ಆ ಬಾಣಗಳಲ್ಲಿ ಎರಡನ್ನಾದರೂ ಮಕ್ಕಳ ಕಣ್ಣಿಗೆ ಕಾಣಿಸಬೇಕೆಂದು ನಾನು ಮೀನಿನ ತೊಟ್ಟಿಯನ್ನು ಆರಿಸಿಕೊಂಡೆ.

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಗಪ್ಪಿಗಳಿರುವ ಹಳೆಯ ತೊಟ್ಟಿಯೊಂದಿದೆ. ಅದರ ಸ್ಪಂಜ್ ಫಿಲ್ಟರಿನಲ್ಲಿ ಅರ್ಧ ಮಾತ್ರ ಕತ್ತರಿಸಿಕೊಂಡು (ಪೂರ್ತಿ ತೆಗೆದರೆ ಅಲ್ಲಿನ ಮೀನುಗಳಿಗೆ ಕುತ್ತು), ಅದೇ ತೊಟ್ಟಿಯ ನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿ ಬಸ್ಸಿನಲ್ಲಿ ಶಾಲೆಗೆ ಒಯ್ದೆ. ಮುಚ್ಚಳ ಹಾಕಲಿಲ್ಲ, ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಕಂಡಕ್ಟರ್ ಬಕೆಟಿನಲ್ಲಿ ಮೀನು ಹುಡುಕಿ ನಿರಾಶರಾದರು.

ತರಗತಿಯಲ್ಲಿ ಎರಡು ತೊಟ್ಟಿ ಇಟ್ಟೆವು. ಕ್ಲೋರಿನ್ ಹೋಗಲೆಂದು ಎರಡು ದಿನ ತೆರೆದಿಟ್ಟ ಒಂದೇ ನೀರು, ಒಂದೇ ಬಗೆಯ ಗಾಳಿಯ ಪಂಪು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ. ಮೀನು ಎರಡರಲ್ಲೂ ಇಲ್ಲ. ಒಂದಕ್ಕೆ ಹಳೆಯ ಸ್ಪಂಜು, ಇನ್ನೊಂದಕ್ಕೆ ಹೊಸದು. ಕೊಳೆಯುವ ಆಹಾರದಿಂದ ಅಮೋನಿಯಾ ಬರುತ್ತದೆ. ಅದನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿದರೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ.

"ಕೊಳಕಾಗಿದೆ ಮಿಸ್, ತೊಳೀಬಾರ್ದಾ?" ಎಂದು ಎಲ್ಲರೂ ಕೇಳಿದರು. ಆ ಕೊಳೆಗಾಗಿಯೇ ತಂದದ್ದೆಂದೆ. "ಹಂಗಾದ್ರೆ ಮೊಸರಿಗೆ ಹೆಪ್ಪು ಹಾಕ್ದಂಗೆ!" ಎಂದಳು ಹಿಂದಿನ ಬೆಂಚಿನ ಹುಡುಗಿ. ನನ್ನ ಪಾಠಯೋಜನೆಯಲ್ಲಿದ್ದ ಯಾವ ಉದಾಹರಣೆಗಿಂತಲೂ ಇದು ಚೆನ್ನಾಗಿತ್ತು. ಆದರೆ ಅದರ ಬೆನ್ನಿಗೇ ಪಕ್ಕದ ಸಾಲಿನ ಹುಡುಗನೊಬ್ಬ, "ಹಳೇ ನೀರು ಒಂದು ಬಿಂದಿಗೆ ತಂದಿದ್ರೆ ಸಾಕಿತ್ತಲ್ಲ?" ಎಂದ. ಹೋಲಿಕೆ ಸೋಲುವುದು ಇಲ್ಲೇ. ಮೊಸರಿನ ಬ್ಯಾಕ್ಟೀರಿಯಾ ಹಾಲಿನ ತುಂಬ ಹರಡಿ ಬೆಳಗಾಗುವುದರೊಳಗೆ ಕೆಲಸ ಮುಗಿಸುತ್ತವೆ. ಇವು ಹೆಚ್ಚಾಗಿ ಸ್ಪಂಜು, ಮರಳುಗಳಿಗೆ ಅಂಟಿಕೊಂಡೇ ಬದುಕುತ್ತವೆ, ಬಹಳ ನಿಧಾನವಾಗಿ ಹೆಚ್ಚುತ್ತವೆ. ಅದನ್ನು ಹೇಳಿ ಮುಗಿಸದೆ, ಬಿಸ್ಕತ್ತಿನ ಗಾಜಿನ ಜಾಡಿಯೊಂದರಲ್ಲಿ ಹಳೆಯ ನೀರು, ಹೊಸ ಸ್ಪಂಜು ಹಾಕಿ ಅವನ ಹೆಸರಿನಲ್ಲೇ ಮೂರನೆಯ ಪಾತ್ರೆ ಇಟ್ಟೆವು.

ಅವಲೋಕನಕ್ಕೆ ಬಂದ ಉಪನ್ಯಾಸಕರು ಆಕ್ಷೇಪಿಸಿದರು: 40 ನಿಮಿಷದಲ್ಲಿ ಮುಗಿಯದ ಪಾಠಕ್ಕೆ ಮೌಲ್ಯಮಾಪನ ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೂ ಮೂರು ವಾರ ಹಿಡಿಯುವ ಸಂಗತಿಯನ್ನು ಒಂದು ಅವಧಿಗೆ ಕುಗ್ಗಿಸಿದರೆ ಮತ್ತೆ ಬಾಣಗಳೇ ಉಳಿಯುತ್ತವೆ. ಘಟಕ ಬದಲಾದರೂ ಪ್ರತಿ ಅವಧಿಯ ಮೊದಲ ಐದು ನಿಮಿಷ ಪರೀಕ್ಷಾ ಹನಿಗಳಿಗೆ ಮೀಸಲಿಟ್ಟೆ.

ಹಳೆಯ ಸ್ಪಂಜಿನ ತೊಟ್ಟಿಯಲ್ಲಿ ಮೂರನೇ ದಿನ ಅಮೋನಿಯಾ ತುಸು ಕಂಡು, ಹತ್ತನೇ ದಿನದ ಹೊತ್ತಿಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದವು. ನೈಟ್ರೇಟ್ ಮಾತ್ರ ಏರಿತು. ಹೊಸ ತೊಟ್ಟಿಯಲ್ಲಿ ಅಮೋನಿಯಾದ ಹಸಿರು ದಿನದಿನಕ್ಕೆ ಗಾಢವಾಯಿತು. ಜಾಡಿಯೂ ಹೆಚ್ಚುಕಡಿಮೆ ಅದರ ಜೊತೆಗೇ ನಡೆಯಿತು. ಬಿಂದಿಗೆಯ ಹುಡುಗ ಮೂರು ಸಲ ಮರುಪರೀಕ್ಷೆ ಮಾಡಿಸಿದ.

"ಹೊಸದ್ರಲ್ಲಿ ಒಂದೇ ಒಂದು ಮೀನು ಬಿಟ್ಟು ನೋಡೋಣ ಮಿಸ್" ಎಂಬ ಒತ್ತಾಯ ಜೋರಾಗಿತ್ತು. ಬೇಡವೆಂದೆ. ಅಮೋನಿಯಾ ಕಿವಿರನ್ನು ಸುಡುತ್ತದೆ, ನೈಟ್ರೈಟ್ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕೆಡಿಸುತ್ತದೆ. ಹನಿಯ ಬಣ್ಣ ಹೇಳುತ್ತಿರುವುದನ್ನು ಮೀನು ಸತ್ತು ಹೇಳಬೇಕಿಲ್ಲ. ಹನ್ನೆರಡನೇ ದಿನ ಮೊದಲ ತೊಟ್ಟಿಗೆ ನಾಲ್ಕು ಗಪ್ಪಿ ಬಿಟ್ಟೆವು. ನಾಲ್ಕೂ ಚೆನ್ನಾಗಿವೆ.

ಹೊಸ ತೊಟ್ಟಿಯಲ್ಲಿ ನೈಟ್ರೈಟ್ ಇನ್ನೂ ಏರುತ್ತಿದ್ದಾಗಲೇ ನಮ್ಮ ಬೋಧನಾಭ್ಯಾಸ ಮುಗಿಯಿತು. ಹನಿ ಬಾಟಲಿಗಳನ್ನೂ ಗೋಡೆಯ ಪಟ್ಟಿಯನ್ನೂ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಿ ಬಂದೆ. ಬಿಂದಿಗೆಯ ಹುಡುಗನೇ ಈಗ ದಿನವೂ ಅಂಕಿ ತುಂಬುತ್ತಿದ್ದಾನಂತೆ.